ಬಿದ್ರಿಯ ಕಪ್ಪು ಬಣ್ಣ ಕಾಗದದ ಮೇಲೆ ಬರಬೇಕಾದರೆ: ಗ್ರೇ ಇಂಕ್ ಹಾಕುವುದು ಹೇಗೆ?

ಪ್ರಶ್ನೆ: ಸರ್, ನಾನು ಬೀದರ್‌ನವಳು. ಎರಡು ವರ್ಷದಿಂದ ಬಿದ್ರಿ ಕೆಲಸಗಾರರ ಫೋಟೊ ತೆಗೆಯುತ್ತಿದ್ದೇನೆ. ಎಲ್ಲವೂ ಕಪ್ಪು-ಬಿಳುಪು. ಮನೆಯಲ್ಲಿ ಆರು ಬಣ್ಣದ ಎ3 ಟ್ಯಾಂಕ್ ಪ್ರಿಂಟರ್ ಇದೆ, ಮದುವೆ ಆಲ್ಬಮ್ ಕೆಲಸಕ್ಕೂ ಅದೇ. ಆದರೆ ಕಪ್ಪು-ಬಿಳುಪು ಪ್ರಿಂಟು ಮಾತ್ರ ಸರಿ ಬರುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಹಸಿರು, ಕಿಟಕಿ ಹತ್ತಿರ ಕೆಂಪು ಕಾಣುತ್ತದೆ. ಬಣ್ಣದ ಇಂಕ್ ತೆಗೆದು ಗ್ರೇ ಇಂಕ್ ಹಾಕು ಅಂತ ಗೆಳತಿ ಹೇಳಿದಳು. ಯಾವ ಇಂಕ್, ಎಷ್ಟು ತೆಳು, ಯಾವ ಖಾನೆಗೆ, ಹಾಕಿದ ಮೇಲೆ ಏನು ಮಾಡಬೇಕು? ನಮ್ಮ ಕಡೆಯ ಬಿಸಿಲಿಗೆ ಇದು ನಡೆಯುತ್ತದೆಯೇ?

ಉತ್ತರ: ಮೊದಲು ಆ ಹಸಿರು-ಕೆಂಪಿನ ವಿಷಯ. ತಪ್ಪು ನಿಮ್ಮ ಫೋಟೊದ್ದಲ್ಲ, ಪ್ರಿಂಟರೂ ಕೆಟ್ಟಿಲ್ಲ. ನಿಮ್ಮ ಪ್ರಿಂಟರಿನಲ್ಲಿ ಬೂದು ಇಂಕೇ ಇಲ್ಲ. ಅದು ಸಯಾನ್, ಮಜೆಂಟಾ, ಹಳದಿ ಮೂರರ ಚುಕ್ಕಿಗಳನ್ನೂ ಒತ್ತೊತ್ತಾಗಿ ಹಾಕಿ, ಸ್ವಲ್ಪ ಕಪ್ಪು ಸೇರಿಸಿ, ಬೂದು ಕಾಣುವ ಹಾಗೆ ಮಾಡುತ್ತದೆ. ಮೂರೂ ತಕ್ಕಡಿಯಲ್ಲಿ ಸರಿಯಾಗಿ ತೂಗಿದರೆ ಬೂದು. ಸಾಸಿವೆ ಕಾಳಿನಷ್ಟು ವಾಲಿದರೂ ಬಣ್ಣ ಇಣುಕುತ್ತದೆ. ಕೆಂಪು ಸೀರೆಯ ಕೆಂಪು ಸ್ವಲ್ಪ ಆಚೀಚೆ ಆದರೆ ಯಾರಿಗೂ ತಿಳಿಯುವುದಿಲ್ಲ. ಬೂದು ಆಚೀಚೆ ಆದರೆ ಮಕ್ಕಳಿಗೂ ತಿಳಿಯುತ್ತದೆ.

ಬೆಳಕು ಬದಲಾದರೆ ಆ ತಕ್ಕಡಿಯೂ ವಾಲುತ್ತದೆ. ಹಗಲಿನ ಬೆಳಕಿನಲ್ಲಿ ಎಲ್ಲ ಬಣ್ಣವೂ ಹದವಾಗಿ ಬೆರೆತಿರುತ್ತವೆ. ಟ್ಯೂಬ್‌ಲೈಟಿನಲ್ಲಿ ಕೆಲವು ಬಣ್ಣ ಜಾಸ್ತಿ, ಕೆಲವು ಕಡಿಮೆ. ಅದರಲ್ಲೂ ಹಸಿರು ಎದ್ದು ನಿಂತಿರುತ್ತದೆ. ಇದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಪ್ರಿಂಟರನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರಿನಲ್ಲಿ ಎಷ್ಟೇ ಸ್ಲೈಡರ್ ಜಗ್ಗಿದರೂ ಒಂದು ಬೆಳಕಿಗೆ ಸರಿಮಾಡಬಹುದು, ಇನ್ನೊಂದಕ್ಕೆ ಕೆಡುತ್ತದೆ. ನಿಮ್ಮ ಗೆಳತಿ ಹೇಳಿದ್ದು ಸರಿ ಅನ್ನುವುದು ಇದಕ್ಕೇ.

ಗ್ರೇ ಇಂಕ್ ಅಂದರೆ ಬೇರೆ ಏನೂ ಅಲ್ಲ, ಅದೇ ಕಪ್ಪನ್ನು ತೆಳು ಮಾಡಿದ್ದು. ಗಟ್ಟಿ ಮೊಸರು, ಮಜ್ಜಿಗೆ, ನೀರುಮಜ್ಜಿಗೆ ಇದ್ದ ಹಾಗೆ. ಹಾಲು ಒಂದೇ, ನೀರು ಬೇರೆ ಬೇರೆ. ತೆಳು ಯಾಕೆ ಬೇಕು? ಬರೀ ಕಪ್ಪಿನಲ್ಲಿ ಮುಖದ ಮೇಲಿನ ತಿಳಿ ನೆರಳು ಬರಬೇಕಾದರೆ ಪ್ರಿಂಟರ್ ಕರಿ ಚುಕ್ಕಿಗಳನ್ನು ದೂರ ದೂರ ಇಡಬೇಕು. ಆಗ ಕೆನ್ನೆಯ ಮೇಲೆ ಗಸಗಸೆ ಚೆಲ್ಲಿದ ಹಾಗೆ ಕಾಣುತ್ತದೆ. ತೆಳು ಇಂಕ್ ಇದ್ದರೆ ಅದೇ ನೆರಳಿಗೆ ಚುಕ್ಕಿಗಳು ದಟ್ಟವಾಗಿ ಬೀಳುತ್ತವೆ, ಒಂದೊಂದೂ ಕಣ್ಣಿಗೆ ಕಾಣುವುದಿಲ್ಲ, ನುಣುಪಾಗುತ್ತದೆ.

ಖರ್ಚಿಲ್ಲದೆ ಇವತ್ತೇ ಇದನ್ನು ನೋಡಬೇಕಾ? ನಿಮ್ಮ ಡ್ರೈವರಿನಲ್ಲಿ ಕಪ್ಪು ಇಂಕ್ ಮಾತ್ರ ಬಳಸುವ ಆಯ್ಕೆ ಇದ್ದರೆ ಒಂದು ಮ್ಯಾಟ್ (ಹೊಳಪಿಲ್ಲದ) ಪೇಪರಿನ ಮೇಲೆ ಪ್ರಿಂಟು ತೆಗೆಯಿರಿ. ಹಸಿರು-ಕೆಂಪಿನ ಕಾಟ ಬಹಳಷ್ಟು ಹೋಗಿರುತ್ತದೆ. ಬದಲಿಗೆ ತಿಳಿ ಭಾಗದಲ್ಲಿ ಚುಕ್ಕಿ ಕಾಣುತ್ತವೆ. ಆ ಎರಡನ್ನೂ ಕಣ್ಣಾರೆ ನೋಡಿದ ಮೇಲೆ ಮುಂದೆ ಹೇಳುವುದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಈಗ ನನ್ನ ಮೊದಲ ಸಲಹೆ. ನಿಮ್ಮ ಟ್ಯಾಂಕ್ ಪ್ರಿಂಟರನ್ನು ಮುಟ್ಟಬೇಡಿ. ಅದು ಮದುವೆ ಆಲ್ಬಮ್ ಮಾಡಿ ಮನೆ ನಡೆಸುತ್ತಿದೆ. ಗ್ರೇ ಇಂಕ್ ಹಾಕಿದ ಪ್ರಿಂಟರ್ ಮತ್ತೆ ಬಣ್ಣಕ್ಕೆ ಬರುವುದಿಲ್ಲ ಅಂತಲೇ ತಿಳಿಯಿರಿ. ಇನ್ನೊಂದು ಕಾರಣವೂ ಇದೆ. ಟ್ಯಾಂಕ್ ಪ್ರಿಂಟರಿನ ಉದ್ದ ಪೈಪುಗಳಲ್ಲಿ ಹಳೆ ಇಂಕ್ ತುಂಬಿರುತ್ತದೆ, ಅದನ್ನು ಪೂರ್ತಿ ತೊಳೆದು ತೆಗೆಯುವುದು ದೊಡ್ಡ ಕೆಲಸ. ಬಣ್ಣ ಕರಗಿರುವ ಡೈ ಇಂಕ್ ಮತ್ತು ಬಣ್ಣ ಸಣ್ಣ ಕಣಗಳಾಗಿ ತೇಲುವ ಪಿಗ್ಮೆಂಟ್ ಇಂಕ್ ಪೈಪಿನಲ್ಲಿ ಬೆರೆತರೆ ಗಟ್ಟಿಯಾಗಿ, ಇಂಕ್ ಚಿಮ್ಮಿಸುವ ಹೆಡ್ ಕಟ್ಟಿಕೊಳ್ಳಬಹುದು. ಅದೂ ಅಲ್ಲದೆ ಗ್ರೇ ಇಂಕ್ ತಿಂಗಳುಗಟ್ಟಲೆ ಪೈಪಿನಲ್ಲಿ ನಿಂತರೆ ಕರಿ ಕಣ ತಳಕ್ಕೆ ಇಳಿಯುತ್ತದೆ.

ಇದಕ್ಕೆ ಹಳೆಯ ಆರು ಬಣ್ಣದ ಎಪ್ಸನ್ ಕಾರ್ಟ್ರಿಜ್ ಪ್ರಿಂಟರ್ ಒಂದನ್ನು ಸೆಕೆಂಡ್ ಹ್ಯಾಂಡ್ ಹುಡುಕಿ. ನಾನು ಇದನ್ನೆಲ್ಲ ಕಲಿತದ್ದು ಎಪ್ಸನ್ 1390ರ ಮೇಲೆ. ಅದರ ಸಣ್ಣ ಹನಿ 1.5 ಪಿಕೋಲೀಟರ್, ಫೋಟೊ ಕೆಲಸಕ್ಕೆ ಸಾಕು. ಸ್ಟುಡಿಯೊಗಳು ಟ್ಯಾಂಕ್ ಪ್ರಿಂಟರಿಗೆ ಹೋದ ಮೇಲೆ ಇಂಥವು ಮೂಲೆಗೆ ಬಿದ್ದಿವೆ. ಎಪ್ಸನ್ನೇ ಯಾಕೆ ಅಂದರೆ, ಯಾವ ಇಂಕ್ ಎಲ್ಲಿ ಎಷ್ಟು ಬೀಳಬೇಕು ಅಂತ ಪ್ರಿಂಟರಿಗೆ ಹೇಳಲು ನಮಗೆ ಬೇಕಾದ ಸಾಫ್ಟ್‌ವೇರ್ ಕ್ವಾಡ್‌ಟೋನ್ ರಿಪ್. ಅಮೆರಿಕದ ರಾಯ್ ಹ್ಯಾರಿಂಗ್ಟನ್ ಮಾಡಿದ್ದು. ಅದು ಎಪ್ಸನ್ ಪ್ರಿಂಟರುಗಳಿಗೇ ಮಾಡಿದ್ದು. ಕೈಗೆ ಬಂದ ಮಾಡೆಲ್ ಅದರ ಪಟ್ಟಿಯಲ್ಲಿ ಇದೆಯೇ ಅಂತ ಮೊದಲು ನೋಡಿ, ಆಮೇಲೆ ಹಣ ಕೊಡಿ. ನಾಜಲ್ ಚೆಕ್, ಅಂದರೆ ಹೆಡ್ಡಿನ ಸಣ್ಣ ತೂತುಗಳೆಲ್ಲ ತೆರೆದಿವೆಯೇ ಅಂತ ತೋರಿಸುವ ಗೆರೆಗಳ ಹಾಳೆ, ಕಣ್ಣೆದುರು ತೆಗೆಸಿ. ಒಂದು ಗೆರೆ ತುಂಡಾಗಿದ್ದರೂ ಕೊಳ್ಳಬೇಡಿ.

ನೀವು ತಿಂಗಳಿಗೆ ಎರಡೋ ಮೂರೋ ಪ್ರಿಂಟು ತೆಗೆಯುವವರಾದರೆ ಈ ದಾರಿಯೇ ಬೇಡ ಅನ್ನುತ್ತಿದ್ದೆ. ಇಂಕ್ ಒಣಗಿ ಹೆಡ್ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಅಂಥವರು ಒಳ್ಳೆಯ ಲ್ಯಾಬಿನಲ್ಲಿ ಗ್ರೇ ಇಂಕ್ ಇರುವ ಪ್ರಿಂಟರಿನಿಂದ ತೆಗೆಸಿಕೊಳ್ಳುವುದು ವಾಸಿ. ಎಪ್ಸನ್ 2005ರಲ್ಲಿ ಆರ್2400 ಜೊತೆ ಕೆ3 ಇಂಕ್ ತಂದಾಗಿನಿಂದ ಕಪ್ಪು, ತಿಳಿ ಕಪ್ಪು, ಇನ್ನೂ ತಿಳಿ ಕಪ್ಪು ಅಂತ ಮೂರು ಹಂತ ಒಂದೇ ಪ್ರಿಂಟರಿನಲ್ಲಿ ಸಿಗುತ್ತವೆ, ಕಪ್ಪು-ಬಿಳುಪಿಗೆ ಬೇರೆ ಮೋಡೇ ಇದೆ. ಚೆನ್ನಾಗಿರುತ್ತದೆ. ಆದರೆ ನೀವು ಎರಡು ವರ್ಷದ ಕೆಲಸ ಇಟ್ಟುಕೊಂಡಿದ್ದೀರಿ, ವಾರವಾರ ಪ್ರಿಂಟು ತೆಗೆಯುತ್ತೀರಿ ಅಂದುಕೊಂಡು ಮುಂದೆ ಹೇಳುತ್ತೇನೆ.

ಇಂಕ್ ಯಾವುದು? ಕಾರ್ಬನ್ ಪಿಗ್ಮೆಂಟ್ ಇರುವ ಮ್ಯಾಟ್ ಬ್ಲ್ಯಾಕ್. ಕಾರ್ಬನ್ ಅಂದರೆ ಹಣತೆಯ ಮೇಲೆ ಬಟ್ಟಲು ಬೋರಲು ಹಾಕಿ ಅವ್ವ ತೆಗೆಯುತ್ತಿದ್ದ ಕಾಡಿಗೆಯ ಜಾತಿಯದೇ. ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಕಾಡಿಗೆ ಸವರಿದ ಅಕ್ಷರ ನೂರಾರು ವರ್ಷ ಆದರೂ ಓದಲು ಸಿಗುತ್ತದಲ್ವಾ, ಗುಣ ಅದೇ. ಬೆಳಕಿಗೆ ಮಾಸುವುದಿಲ್ಲ ಅನ್ನುವಷ್ಟು ಗಟ್ಟಿ. ಎಲ್ಲ ಬಣ್ಣದ ಬೆಳಕನ್ನೂ ಸುಮಾರು ಒಂದೇ ಸಮ ನುಂಗುತ್ತದೆ, ಹೀಗಾಗಿ ಟ್ಯೂಬ್‌ಲೈಟೋ ಕಿಟಕಿಯೋ, ಬಣ್ಣ ಕುಣಿಯುವುದಿಲ್ಲ. ಒಂದು ಸ್ವಭಾವ ಮಾತ್ರ ಇದೆ. ತೆಳು ಮಾಡಿದಷ್ಟೂ ಸ್ವಲ್ಪ ಕಂದು ಕಡೆಗೆ ಹೋಗುತ್ತದೆ. ನಿಜಾಮರ ಕಾಲದ ಹಳೆ ಫೋಟೊಗಳ ಬೆಚ್ಚನೆಯ ಛಾಯೆ ನೋಡಿರುತ್ತೀರಿ, ಅದರ ದೂರದ ನೆಂಟ. ನನಗೆ ಅದು ಇಷ್ಟ. ಕುಲುಮೆ, ಮಣ್ಣು, ಕೈ ಇರುವ ಚಿತ್ರಗಳಿಗೆ ಹೊಂದುತ್ತದೆ. ಬೇಡ ಅಂದರೆ ಒಂದು ಖಾನೆಯಲ್ಲಿ ತೆಳು ನೀಲಿ ಇಟ್ಟು ಅದನ್ನು ತಣ್ಣಗೆ ಮಾಡಬಹುದು, ಆದರೆ ಆ ನೀಲಿ ಕಾರ್ಬನ್‌ನಷ್ಟು ವರ್ಷ ನಿಲ್ಲುವುದಿಲ್ಲ. ಮೊದಲ ಆರು ತಿಂಗಳು ಬರೀ ಕಾರ್ಬನ್‌ನಲ್ಲೇ ತೆಗೆಯಿರಿ.

ಈ ಇಂಕ್ ಮ್ಯಾಟ್ ಪೇಪರ್ ಮತ್ತು ಹತ್ತಿಯ ಕಾಗದಕ್ಕೆ ಮಾತ್ರ. ಗ್ಲಾಸಿ ಮೇಲೆ ಹಾಕಿದರೆ ಬೆರಳಿಗೆ ಮೆತ್ತಿಕೊಂಡು ಬರುತ್ತದೆ. ಗ್ಲಾಸಿಗೆ ಫೋಟೊ ಬ್ಲ್ಯಾಕ್ ಬೇರೆಯೇ ಇದೆ.

ರೆಡಿ ಸೆಟ್ಟುಗಳೂ ಸಿಗುತ್ತವೆ. ಜಾನ್ ಕೋನ್ ಅವರ ಪೀಜೋಗ್ರಫಿಯಲ್ಲಿ ಏಳು ಹಂತದ ಕಪ್ಪಿನ ಸೆಟ್ಟೇ ಇದೆ. ತರಿಸಲು ದುಬಾರಿ. ಪಾಲ್ ರೋರ್ಕ್ ಅನ್ನುವವರು ತಾವೇ ಬೆರೆಸಿಕೊಳ್ಳುವ ಅಳತೆಗಳನ್ನು ವರ್ಷಗಳ ಹಿಂದೆಯೇ ಎಲ್ಲರಿಗೂ ಬಿಟ್ಟುಕೊಟ್ಟರು. ಕಾರ್ಬನ್ ಇಂಕ್ ಮನೆಯಲ್ಲೇ ತೆಳು ಮಾಡುವ ಧೈರ್ಯ ಬಹಳ ಜನಕ್ಕೆ ಬಂದದ್ದು ಅವರಿಂದ. ನಾನು ಹೇಳುವ ಅಳತೆ ಅದಕ್ಕಿಂತ ಸರಳ, ನೆನಪಿಡಲು ಸುಲಭ.

ಬರೀ ನೀರು ಹಾಕಿ ತೆಳು ಮಾಡಬೇಡಿ. ಇಂಕಿನಲ್ಲಿ ಗ್ಲಿಸರಿನ್ ಇರುತ್ತದೆ, ಬೇಗ ಒಣಗದಿರಲಿ ಅಂತ. ಹನಿ ಸರಿಯಾಗಿ ಹಾರಲಿ ಅಂತ ಸಾಬೂನಿನ ಗುಣದ ವಸ್ತುವೂ ಇರುತ್ತದೆ. ನೀರು ಸುರಿದರೆ ಆ ಹದ ಕೆಡುತ್ತದೆ, ಹನಿ ಸೋರುತ್ತದೆ. ಇಂಕ್ ಮಾರುವವರ ಹತ್ತಿರವೇ ಕ್ಲಿಯರ್ ಬೇಸ್ (ಬಣ್ಣ ಒಂದು ಬಿಟ್ಟು ಇಂಕಿನ ಉಳಿದ ಹದವೆಲ್ಲ ಇರುವ ದ್ರವ) ಅಂತ ಕೇಳಿ, ಇಂಕ್ ತೆಗೆದುಕೊಂಡ ಕಡೆಯೇ ಅದನ್ನೂ ತೆಗೆದುಕೊಳ್ಳಿ. ಪಾತ್ರೆ, ಸಿರಿಂಜ್ ತೊಳೆಯಲು ಡಿಸ್ಟಿಲ್ಡ್ ವಾಟರ್ ಇರಲಿ. ನಮ್ಮ ಬೋರ್‌ವೆಲ್ ನೀರು ಬಕೆಟಿಗೇ ಬಿಳಿ ಪೊರೆ ಕಟ್ಟುತ್ತದೆ, ಕೂದಲಿಗಿಂತ ಸಣ್ಣ ತೂತಿನ ನಾಜಲ್ ಬಿಡುತ್ತದೆಯೇ?

ಅಳತೆ ಇಷ್ಟೇ. 30 ಮಿ.ಲೀ. ಕಪ್ಪಿಗೆ 70 ಮಿ.ಲೀ. ಬೇಸ್ ಹಾಕಿ. ಇದು 30ರ ಇಂಕ್. ಅದರಿಂದ 30 ಮಿ.ಲೀ. ತೆಗೆದು ಮತ್ತೆ 70 ಬೇಸ್ ಹಾಕಿ. ಇದು 9ರ ಇಂಕ್. ಅದರಿಂದ 30 ತೆಗೆದು ಮತ್ತೆ 70 ಬೇಸ್. ಇದು 2.7. ಮೂಲ ಕಪ್ಪು 100. ನಾಲ್ಕು ಹಂತ ಆಯಿತು. ಬೆರೆಸುವ ಮೊದಲು ಕಪ್ಪಿನ ಬಾಟಲಿಯನ್ನು ಮೇಲೆ ಕೆಳಗೆ ನಿಧಾನ ಮಗುಚಿ, ಒಂದೆರಡು ನಿಮಿಷ. ಮಜ್ಜಿಗೆ ಕಡೆದ ಹಾಗೆ ಜೋರಾಗಿ ಕುಲುಕಬೇಡಿ, ನೊರೆ ಬಂದರೆ ಗಾಳಿ ಹೆಡ್ಡಿಗೆ ಹೋಗುತ್ತದೆ. ಪ್ರತಿ ಇಂಕಿಗೆ ಬೇರೆ ಸಿರಿಂಜ್, ಮೆಡಿಕಲ್ ಶಾಪಿನ 10 ಮಿ.ಲೀ.ದು ಸಾಕು. ಬಾಟಲಿ, ಸಿರಿಂಜ್, ಕಾರ್ಟ್ರಿಜ್ ಮೂರಕ್ಕೂ ಒಂದೇ ಚೀಟಿ ಅಂಟಿಸಿ. 9 ಮತ್ತು 2.7 ಬಾಟಲಿಯಲ್ಲಿ ಒಂದೇ ಥರ ಕರ್ರಗೆ ಕಾಣುತ್ತವೆ, ಕಣ್ಣನ್ನು ನಂಬಬೇಡಿ.

ಬೆರೆಸಿದ ಮೇಲೆ ನಾನು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಮ್ಯಾಟ್ ಪೇಪರಿನ ತುಂಡು ತೆಗೆದುಕೊಂಡು, ನಾಲ್ಕು ಬೆಂಕಿಕಡ್ಡಿಗಳ ತುದಿಯನ್ನು ನಾಲ್ಕು ಇಂಕಿಗೆ ಅದ್ದಿ, ಪಕ್ಕಪಕ್ಕ ಗೆರೆ ಎಳೆಯುತ್ತೇನೆ. ಒಣಗಿದ ಮೇಲೆ ಮೊದಲ ಗೆರೆ ಒಲೆ ಮೇಲಿನ ಪಾತ್ರೆಯ ತಳದ ಮಸಿ. ಎರಡನೆಯದು ಆಗ ತಾನೇ ಒರೆಸಿದ ಶಹಾಬಾದ್ ಕಲ್ಲಿನ ನೆಲ. ಮೂರನೆಯದು ಅದೇ ನೆಲ ಒಣಗಿದಾಗ. ನಾಲ್ಕನೆಯದು ಬಿಳಿ ಧೋತರದ ಮಡಿಕೆಯಲ್ಲಿ ಬೀಳುವ ನೆರಳು, ಇದೆಯೋ ಇಲ್ಲವೋ ಅನ್ನುವಷ್ಟು. ಈ ನಾಲ್ಕು ಮೆಟ್ಟಿಲು ಸರಿಯಾಗಿ ಇಳಿದು ಬಂದರೆ ಅಳತೆ ತಪ್ಪಿಲ್ಲ. ಆ ತುಂಡಿನ ಹಿಂದೆ ತಾರೀಖು ಬರೆದು ಇಟ್ಟುಕೊಳ್ಳಿ. ಮುಂದಿನ ಸಲ ಬೆರೆಸಿದಾಗ ಪಕ್ಕ ಇಟ್ಟು ನೋಡಲು ಬೇಕು.

ಖಾನೆಗಳಿಗೆ ಬರೋಣ. ಕಪ್ಪಿನ ಖಾನೆಗೆ 100, ಸಯಾನ್‌ಗೆ 30, ಲೈಟ್ ಸಯಾನ್‌ಗೆ 9, ಹಳದಿಗೆ 2.7. ಉಳಿದ ಮಜೆಂಟಾ, ಲೈಟ್ ಮಜೆಂಟಾ ಖಾಲಿ ಬಿಡಬೇಡಿ, ಗಾಳಿ ಹೋಗಿ ಹೆಡ್ ಒಣಗುತ್ತದೆ. ಅವಕ್ಕೆ ಮತ್ತೆ 30 ಮತ್ತು 9 ಹಾಕಿ. ಸಯಾನ್ ಖಾನೆ ಕಟ್ಟಿಕೊಂಡ ದಿನ ಸಾಫ್ಟ್‌ವೇರಿನಲ್ಲಿ ಒಂದು ಅಕ್ಷರ ಬದಲಾಯಿಸಿದರೆ ಮಜೆಂಟಾದ 30 ಕೆಲಸಕ್ಕೆ ಬರುತ್ತದೆ. ರೀಫಿಲ್ ಕಾರ್ಟ್ರಿಜ್ ಕೊಳ್ಳುವಾಗ ತಾನೇ ರೀಸೆಟ್ ಆಗುವ ಚಿಪ್ ಇರುವುದನ್ನೇ ತೆಗೆದುಕೊಳ್ಳಿ. ಹಳೆ ಡೈ ಇಂಕ್ ಇದ್ದ ಪ್ರಿಂಟರ್ ಆದರೆ ಮೊದಲು ಆರೂ ಕಾರ್ಟ್ರಿಜ್‌ಗೆ ಕ್ಲೀನಿಂಗ್ ಲಿಕ್ವಿಡ್ ತುಂಬಿ, ನಾಜಲ್ ಚೆಕ್ ಹಾಳೆ ಪೂರ್ತಿ ಬಿಳಿ ಬರುವ ತನಕ ಓಡಿಸಿ.

2.7ರ ನಾಜಲ್ ಚೆಕ್ ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಾಂಟ್ರಾಸ್ಟ್ ಪೂರ್ತಿ ಏರಿಸಿ. ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಯಾವುದು ತುಂಡಾಗಿದೆ ಅಂತ ಸ್ಪಷ್ಟ ಕಾಣುತ್ತದೆ.

ಇಷ್ಟು ಹಾಕಿ ಮಾಮೂಲಿ ಡ್ರೈವರಿನಿಂದ ಪ್ರಿಂಟು ಕೊಟ್ಟರೆ ಚಿತ್ರ ಕೆಟ್ಟು ಬರುತ್ತದೆ. ಡ್ರೈವರಿಗೆ ಅದು ಇನ್ನೂ ಸಯಾನ್, ಹಳದಿ ಅಂತಲೇ ಲೆಕ್ಕ. ಬಹಳ ಜನ ಇಲ್ಲಿಗೇ ಬೇಸತ್ತು ಬಿಡುತ್ತಾರೆ. ಇಂಕ್ ಹಾಕುವುದು ಕಾಲು ಭಾಗ ಕೆಲಸ. ಯಾವ ಇಂಕ್ ಎಲ್ಲಿ ಶುರು ಆಗಬೇಕು, ಎಲ್ಲಿ ಇನ್ನೊಂದಕ್ಕೆ ಕೈ ಬದಲಿಸಬೇಕು, ನಿಮ್ಮ ಕಾಗದ ಎಷ್ಟು ಕುಡಿಯುತ್ತದೆ, ಇದನ್ನು ಪ್ರಿಂಟರಿಗೆ ಕಲಿಸುವುದು ಮುಕ್ಕಾಲು ಭಾಗ. ಆ ಕಲಿಸುವ ಕೆಲಸಕ್ಕೇ ಕ್ವಾಡ್‌ಟೋನ್ ರಿಪ್.

ನಾನು ಡಾರ್ಕ್‌ರೂಂ ಕಲಿತದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಸ್ಟುಡಿಯೊದಲ್ಲಿ. ಅಲ್ಲಿನ ಕಾಕಾ ಒಂದು ಪ್ರಿಂಟು ಮಾಡುವ ಮೊದಲು ಕಾಗದದ ಸಣ್ಣ ಪಟ್ಟಿ ಕತ್ತರಿಸಿ, ಮೇಲೆ ರಟ್ಟು ಹಿಡಿದು, ಐದೈದು ಸೆಕೆಂಡಿಗೆ ಒಂದು ಬೆರಳಷ್ಟು ಸರಿಸುತ್ತಿದ್ದರು. ಪಟ್ಟಿಯನ್ನು ಡೆವಲಪರಿನಲ್ಲಿ ತೊಳೆದು, ಒಣಗಿಸಿ, ಆಮೇಲೇ ಮಾತು. ಹಸಿಯಲ್ಲೇ ನಾನು ‘ಇದು ಸರಿ ಇದೆ’ ಅಂದರೆ ‘ಒಣಗಲಿ ತಮ್ಮಾ, ಹಸೀದು ಸುಳ್ಳು ಹೇಳ್ತದ’ ಅನ್ನುತ್ತಿದ್ದರು. ಇಂಕ್‌ಜೆಟ್ಟಿನಲ್ಲೂ ಮಾಡುವುದು ಅದೇ ಪಟ್ಟಿ, ಬರೀ ಮೆಟ್ಟಿಲು ಜಾಸ್ತಿ.

ಮೊದಲ ಪಟ್ಟಿ ಕ್ಯಾಲಿಬ್ರೇಷನ್ ಮೋಡಿನಲ್ಲಿ. ಅದರಲ್ಲಿ ಪ್ರತಿ ಖಾನೆಯ ಇಂಕ್ ಬೇರೆ ಬೇರೆಯಾಗಿ, ಸ್ವಲ್ಪದಿಂದ ನೂರರ ತನಕ ಏರುತ್ತಾ ಬೀಳುತ್ತದೆ. ಒಣಗಿದ ಮೇಲೆ ಕಪ್ಪಿನ ಸಾಲನ್ನು ನೋಡಿ. ಒಂದು ಜಾಗದ ತನಕ ಕಪ್ಪಾಗುತ್ತಾ ಹೋಗುತ್ತದೆ, ಆಮೇಲೆ ಎಷ್ಟು ಇಂಕ್ ಹಾಕಿದರೂ ಅಷ್ಟೇ. ಕೆಲವು ಕಾಗದದ ಮೇಲೆ ಅಂಚು ಒಡೆದು ಹರಿಯಲು ಶುರುವಾಗುತ್ತದೆ. ಎರೆಭೂಮಿ ನೀರು ಕುಡಿದ ಹಾಗೆ, ತುಂಬಿದ ಮೇಲೆ ಮೇಲೆ ನಿಲ್ಲುತ್ತದೆ. ಆ ಜಾಗಕ್ಕಿಂತ ಸ್ವಲ್ಪ ಹಿಂದೆ ಇಂಕ್ ಲಿಮಿಟ್ ಇಡಿ. ನಾನು ಬಳಸುವ ಹತ್ತಿ ಕಾಗದದ ಮೇಲೆ 55ಕ್ಕೆ ನಿಲ್ಲುತ್ತದೆ, ಹಾಗಾಗಿ ನನ್ನ ಲಿಮಿಟ್ 50. ನಿಮ್ಮ ಕಾಗದದ ಸಂಖ್ಯೆ ಬೇರೆ ಇರುತ್ತದೆ. ನನ್ನದನ್ನು ಹಾಕಿಕೊಂಡರೆ ಪ್ರಯೋಜನ ಇಲ್ಲ.

ಆಮೇಲೆ ಹೋಲಿಕೆ. ಅದೇ ಹಾಳೆಯಲ್ಲಿ 30ರ ಇಂಕ್ ಲಿಮಿಟ್ಟಿಗೆ ಬಂದಾಗ ಎಷ್ಟು ಗಾಢ ಇದೆಯೋ, ಕಪ್ಪಿನ ಸಾಲಿನಲ್ಲಿ ಅಷ್ಟೇ ಗಾಢ ಎಲ್ಲಿ ಬರುತ್ತದೆ ಅಂತ ಹುಡುಕಿ. ಕಾಗದದಲ್ಲಿ ಎರಡು ಸಣ್ಣ ತೂತು ಮಾಡಿ, ಒಂದರಲ್ಲಿ ಅದು ಇನ್ನೊಂದರಲ್ಲಿ ಇದು ಕಾಣುವ ಹಾಗೆ ಇಟ್ಟು ಸರಿಸಿದರೆ ಕಣ್ಣಿಗೇ ಸಿಗುತ್ತದೆ. ಲಿಮಿಟ್ 50 ಇದ್ದು 14ಕ್ಕೆ ಸಿಕ್ಕರೆ, 50ಕ್ಕೆ 14 ಅಂದರೆ ನೂರಕ್ಕೆ 28, ಆ ಇಂಕಿನ ಗ್ರೇ ವ್ಯಾಲ್ಯೂ 28. ಇದೇ ಥರ 9ಕ್ಕೂ 2.7ಕ್ಕೂ. ನೀವು ಬೆರೆಸಿದ ಅಳತೆ ಪ್ರಕಾರ ಬರಬೇಕಾದ ಸಂಖ್ಯೆಗೂ ಇಲ್ಲಿ ಸಿಕ್ಕ ಸಂಖ್ಯೆಗೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಕಾಗದ ಹೇಳಿದ್ದನ್ನೇ ನಂಬಿ.

ಈ ಸಂಖ್ಯೆ ಕೊಟ್ಟ ಮೇಲೆ ಸಾಫ್ಟ್‌ವೇರ್ ಒಂದು ಕರ್ವ್ ಮಾಡುತ್ತದೆ. ತಿಳಿ ಭಾಗಕ್ಕೆ 2.7, ಅದು ಇಳಿಯುತ್ತಾ 9 ಏರುತ್ತದೆ, 9 ಇಳಿಯುತ್ತಾ 30, ಕೊನೆಗೆ ಕಪ್ಪು. ಈಗ ಆ ಕರ್ವ್ ಹಾಕಿ 21 ಮೆಟ್ಟಿಲಿನ ಪಟ್ಟಿ ತೆಗೆಯಿರಿ. 0 (ಬರೀ ಕಾಗದ), 5, 10 ಅಂತ 100ರ (ಪೂರ್ತಿ ಕಪ್ಪು) ತನಕ. ರಾತ್ರಿಯೆಲ್ಲ ಒಣಗಲಿ, 24 ಗಂಟೆ ಆದರೆ ಇನ್ನೂ ಒಳ್ಳೆಯದು. ಮರುದಿನ ಅಳೆಯಿರಿ.

ಅಳೆಯುವುದು ಎಲ್ ಅನ್ನುವ ಸಂಖ್ಯೆಯಲ್ಲಿ. 0 ಅಂದರೆ ಪೂರ್ತಿ ಕಪ್ಪು, 100 ಅಂದರೆ ಪೂರ್ತಿ ಬಿಳುಪು. ಮ್ಯಾಟ್ ಪೇಪರಿನ ಬಿಳಿ ಸುಮಾರು 96 ಬರುತ್ತದೆ, ಅದರ ಮೇಲಿನ ಅತಿ ಗಾಢ ಕಪ್ಪು ಸುಮಾರು 17. ಇದನ್ನು ನೋಡಿ ಗಾಬರಿ ಬೇಡ, ಮ್ಯಾಟ್ ಅಂದರೆ ಅಷ್ಟೇ. ಗ್ಲಾಸಿಯಲ್ಲಿ 3-5ಕ್ಕೆ ಇಳಿಯುತ್ತದೆ. 96ರಿಂದ 17 ಕಳೆದರೆ 79. 20 ಹೆಜ್ಜೆಗೆ ಹಂಚಿದರೆ ಒಂದೊಂದು ಹೆಜ್ಜೆಗೆ ಸುಮಾರು 4. ನಿಮ್ಮ ಪಟ್ಟಿ ಮೊದಲ ಸಲ ಹಾಗೆ ಬರುವುದಿಲ್ಲ. ಒಂದು ಕಡೆ 2, ಇನ್ನೊಂದು ಕಡೆ 7 ಇರುತ್ತದೆ. ಆ 21 ಸಂಖ್ಯೆಗಳನ್ನು ಲೀನಿಯರೈಸ್ ಅನ್ನುವ ಜಾಗದಲ್ಲಿ ತುಂಬಿದರೆ ಸಾಫ್ಟ್‌ವೇರೇ ಕರ್ವ್ ತಿದ್ದುತ್ತದೆ. ಮತ್ತೆ ಪಟ್ಟಿ, ಮತ್ತೆ ಒಣಗಿಸುವುದು, ಮತ್ತೆ ಅಳತೆ. ಎರಡನೇ ಸಲಕ್ಕೇ ಬಹಳ ಮಟ್ಟಿಗೆ ಕೂರುತ್ತದೆ. ಸಂಖ್ಯೆ ಎಲ್ಲೂ ತಿರುಗಿ ಏರಬಾರದು. 60ರ ಮೆಟ್ಟಿಲು 55ಕ್ಕಿಂತ ತಿಳಿ ಬಂದಿದ್ದರೆ ಸಾಫ್ಟ್‌ವೇರ್ ಒಪ್ಪುವುದಿಲ್ಲ. ಆಗ ಒಂದು ಇಂಕ್ ಇನ್ನೊಂದಕ್ಕೆ ಕೈ ಬದಲಿಸುವ ಜಾಗದಲ್ಲಿ ಗ್ರೇ ವ್ಯಾಲ್ಯೂ ತಪ್ಪಿದೆ ಅಂತ ಅರ್ಥ, ಅಲ್ಲಿಗೆ ಹಿಂದೆ ಹೋಗಿ.

ಅಳೆಯುವ ಮಷಿನ್ ಇಲ್ಲದಿದ್ದರೆ ಫ್ಲಾಟ್‌ಬೆಡ್ ಸ್ಕ್ಯಾನರ್ ನಡೆಯುತ್ತದೆ. ಆಟೋ ಸುಧಾರಣೆಗಳನ್ನೆಲ್ಲ ಆಫ್ ಮಾಡಿ, 16 ಬಿಟ್ ಗ್ರೇಸ್ಕೇಲಿನಲ್ಲಿ ಸ್ಕ್ಯಾನ್ ಮಾಡಿ. ಪಟ್ಟಿಯ ಹಿಂದೆ ಕಪ್ಪು ರಟ್ಟು ಇಡಿ, ಇಲ್ಲದಿದ್ದರೆ ಮುಚ್ಚಳದ ಬಿಳಿ ಕಾಗದದೊಳಗಿಂದ ಇಣುಕುತ್ತದೆ. ಮೌಲ್ಯ ಗೊತ್ತಿರುವ ಒಂದು ಗ್ರೇ ಸ್ಕೇಲ್ ಕಾರ್ಡ್ ಪಕ್ಕದಲ್ಲೇ ಇಟ್ಟು ಒಟ್ಟಿಗೆ ಸ್ಕ್ಯಾನ್ ಮಾಡಿದರೆ ನಿಮ್ಮ ಸ್ಕ್ಯಾನರ್ ಎಷ್ಟು ತಪ್ಪು ಹೇಳುತ್ತಿದೆ ಅಂತ ಗೊತ್ತಾಗುತ್ತದೆ.

ಬಿಸಿಲಿನ ಪ್ರಶ್ನೆ ಕೇಳಿದ್ದೀರಿ. ಬೀದರ್ ಎತ್ತರದಲ್ಲಿದೆ, ನಮ್ಮ ಕಲಬುರಗಿಯಷ್ಟು ಕಾಯುವುದಿಲ್ಲ. ಆದರೂ ಏಪ್ರಿಲ್-ಮೇ ಅಂದರೆ ಹೆಡ್ಡಿಗೆ ಕಷ್ಟ ಕಾಲವೇ. ಸೆಕೆಗಿಂತ ಒಣ ಗಾಳಿ ಕೆಟ್ಟದ್ದು. ಒಂದು ಮೇ ತಿಂಗಳ ರಾತ್ರಿ ಪ್ರಿಂಟು ಅರ್ಧದಲ್ಲಿದ್ದಾಗ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಹೆಡ್ ಹಾಳೆಯ ಮಧ್ಯೆಯೇ ನಿಂತಿತು. ಬೆಳಿಗ್ಗೆ ನೋಡಿದರೆ ಕಪ್ಪಿನ ಖಾನೆ ಪೂರ್ತಿ ಮಾಯ. ಹೆಡ್ ತನ್ನ ಮನೆಗೆ ಹೋಗಿ ಕುಳಿತಾಗ ಕೆಳಗಿನ ರಬ್ಬರ್ ಕ್ಯಾಪ್ ಅದನ್ನು ಮುಚ್ಚಿಕೊಂಡು ತೇವ ಕಾಪಾಡುತ್ತದೆ. ಮುಚ್ಚದೆ ಒಂದು ರಾತ್ರಿ ಆ ಸೆಕೆಯಲ್ಲಿ ಬಿಟ್ಟರೆ ಇಂಕ್ ಒಣಗಿ ಸಿಮೆಂಟು. ಅವತ್ತು ಆ ಹೆಡ್ ಉಳಿಸಲು ಮೂರು ದಿನ ಹಿಡಿಯಿತು. ಅದಕ್ಕೇ ಪ್ರಿಂಟರನ್ನು ಯಾವಾಗಲೂ ಅದರ ಬಟನ್ನಿನಿಂದಲೇ ಆಫ್ ಮಾಡಿ, ಗೋಡೆಯ ಸ್ವಿಚ್ಚಿನಿಂದಲ್ಲ. ಇನ್ವರ್ಟರ್ ಲೈನಿಗೆ ಹಾಕಿ. ಪ್ರಿಂಟು ನಡೆಯುವಾಗ ಕರೆಂಟ್ ಹೋದರೆ ಬಂದ ಕೂಡಲೇ ಆನ್ ಮಾಡಿ ಹೆಡ್ ಮನೆಗೆ ಹೋಗಲು ಬಿಡಿ.

ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಎಲ್ಲ ಇಂಕ್ ಓಡುವ ಒಂದು ಅಂಗೈಯಷ್ಟು ಪಟ್ಟಿ ತೆಗೆಯಿರಿ. ಪ್ರಿಂಟರ್ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಒಳಗೆ ಒಂದು ಬಟ್ಟಲು ನೀರು ಇಡಿ. ಕೂಲರ್ ಗಾಳಿ ನೇರ ಬೀಳದಿರಲಿ, ಅದರ ಜೊತೆ ಧೂಳೂ ಬರುತ್ತದೆ. ನಾಜಲ್ ಕಟ್ಟಿದರೆ ಹೆಡ್ ಕ್ಲೀನಿಂಗ್ ಎರಡು ಸಲ, ಹೆಚ್ಚೆಂದರೆ ಮೂರು. ಆಗಲೂ ಬರದಿದ್ದರೆ ನಿಲ್ಲಿಸಿ. ಕ್ಯಾಪಿನ ಸ್ಪಂಜಿಗೆ ಕ್ಲೀನಿಂಗ್ ಲಿಕ್ವಿಡ್ ನಾಲ್ಕೈದು ಹನಿ ಬಿಟ್ಟು ರಾತ್ರಿ ಹಾಗೇ ಇರಲಿ. ಹೆಚ್ಚಿನ ಸಲ ಬೆಳಗಾಗುವುದರೊಳಗೆ ತಾನೇ ಬಿಡುತ್ತದೆ. ಸೂಜಿ ಮಾತ್ರ ಹಾಕಬೇಡಿ. ಇನ್ನು ಕಾರ್ಟ್ರಿಜ್‌ಗಳನ್ನು 15 ದಿನಕ್ಕೊಮ್ಮೆ ತೆಗೆದು ನಿಧಾನ ಮಗುಚಿ ಹಾಕಿ, ಕರಿ ಕಣ ತಳಕ್ಕೆ ಕೂತಿರುತ್ತದೆ.

ಕೊನೆಗೆ ನಿಮ್ಮ ಚಿತ್ರಗಳು. ಬಿದ್ರಿ ಅಂದರೆ ಗ್ರೇ ಇಂಕಿಗೆ ಇರುವ ಅತಿ ಕಠಿಣ ಪರೀಕ್ಷೆ. ಕೆಲಸಗಾರರ ಪಕ್ಕ ಕೂತು ನೋಡಿದ್ದೀರಿ, ನಿಮಗೆ ನಾನು ಹೇಳಬೇಕಾಗಿಲ್ಲ. ಸತು-ತಾಮ್ರದ ಪಾತ್ರೆಗೆ ಮೊದಲು ಮೈಲುತುತ್ತ ಸವರಿ ಗೆರೆ ಕಾಣುವಷ್ಟು ಕಪ್ಪು ಮಾಡುತ್ತಾರೆ. ಬೆಳ್ಳಿ ಕೂರಿಸಿದ ಮೇಲೆ ಕೋಟೆಯ ಮಣ್ಣು, ನವಸಾಗರ ಕಲಸಿ ಬಿಸಿ ಪಾತ್ರೆಗೆ ತಿಕ್ಕಿದಾಗ ಬರುವ ಕಪ್ಪೇ ಬೇರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಆಮೇಲೆ ಎಣ್ಣೆ ಸವರಿದರೆ ಇನ್ನೂ ಆಳ. ಆ ಆಳ ಮ್ಯಾಟ್ ಪೇಪರಿನ 17ಕ್ಕೆ ನೇರವಾಗಿ ಸಿಗುವುದಿಲ್ಲ. ಅದಕ್ಕೇ ಪಾತ್ರೆಯ ಮೈಯನ್ನು ಪೂರ್ತಿ 100ಕ್ಕೆ (ಇದು ಎಲ್ ಸಂಖ್ಯೆ ಅಲ್ಲ, ಪಟ್ಟಿಯ ಮೆಟ್ಟಿಲಿನ ಲೆಕ್ಕ) ತಳ್ಳಬೇಡಿ. 92-95ರಲ್ಲಿ ಬಿಟ್ಟು, ಕೊರೆದ ಗೆರೆಯ ನೆರಳು ಮಾತ್ರ 100ಕ್ಕೆ ಹೋಗಲಿ. ಆಗ ಕಪ್ಪಿನೊಳಗೆ ಇನ್ನೊಂದು ಕಪ್ಪು ಕಂಡು ಕಣ್ಣು ಅದನ್ನು ಆಳ ಅಂತ ಓದುತ್ತದೆ. ಬೆಳ್ಳಿಯ ಹೊಳಪನ್ನೂ ಬರೀ ಕಾಗದಕ್ಕೆ ಬಿಡಬೇಡಿ, 2-3ರಷ್ಟು ಇಂಕ್ ಇರಲಿ. ಇಲ್ಲದಿದ್ದರೆ ಬೆಳ್ಳಿ ಇರಬೇಕಾದ ಜಾಗದಲ್ಲಿ ಕಾಗದ ಹರಿದ ಹಾಗೆ ಕಾಣುತ್ತದೆ. ಆ 2-3 ನುಣುಪಾಗಿ ಬರುವುದು 2.7ರ ಇಂಕ್ ಇರುವುದರಿಂದಲೇ.

ಒಂದು ಹೂಜಿಯ ಚಿತ್ರ ಆರಿಸಿಕೊಳ್ಳಿ, ಬೆಳ್ಳಿ ಬಳ್ಳಿಯೂ ಇರಬೇಕು, ಹಿಡಿದ ಕೈಯೂ ಕಾಣಬೇಕು. ಪ್ರತಿ ಸಲ ಕರ್ವ್ ತಿದ್ದಿದಾಗ ಅದನ್ನೇ ತೆಗೆಯಿರಿ, ಚಿತ್ರ ಬದಲಾಯಿಸಬೇಡಿ. 21 ಮೆಟ್ಟಿಲಿನ ಪಟ್ಟಿಯನ್ನು ಎರಡು ಪ್ರತಿ ತೆಗೆದು ಒಂದನ್ನು ನನಗೆ ಪೋಸ್ಟ್ ಮಾಡಿ, ನಡುವೆ ಬಿಳಿ ಹಾಳೆ ಇಟ್ಟು, ಮಡಚದೆ. ಹಿಂದೆ ಕಾಗದದ ಹೆಸರು, ಇಂಕ್ ಲಿಮಿಟ್, ಗ್ರೇ ವ್ಯಾಲ್ಯೂ ಬರೆದಿರಲಿ. ನನ್ನ ಹತ್ತಿರ ಅಳೆಯುವ ಮಷಿನ್ ಇದೆ. 21 ಸಂಖ್ಯೆಗಳನ್ನು ಬರೆದು ವಾಪಸ್ ಕಳಿಸುತ್ತೇನೆ.